ಗ್ರೈಂಡರ್‌ಗೆ ವೈರ್ ಬೇಕೋ, ಬ್ಯಾಟರಿ ಸಾಕೋ?

ಬನ್ನೇರುಘಟ್ಟ ರಸ್ತೆಯಿಂದ ಬಿಳೇಕಹಳ್ಳಿಯ ಒಳರಸ್ತೆಗಳಿಗೆ ತಿರುಗಿದರೆ ಒಂದಲ್ಲ ಒಂದು ಕಡೆ ಮನೆ ಏಳುತ್ತಲೇ ಇರುತ್ತದೆ. ಕಿಟಕಿಯ ಗ್ರಿಲ್ ಕತ್ತರಿಸುವ, ಗ್ರಾನೈಟ್ ಚಪ್ಪಡಿಯ ಅಂಚು ಉಜ್ಜುವ ಸದ್ದು ಬೀದಿಯ ತುದಿಗೂ ಕೇಳಿಸುತ್ತದೆ. ಆ ಸದ್ದಿನ ಯಂತ್ರವೇ ಆ್ಯಂಗಲ್ ಗ್ರೈಂಡರ್. ಇಂದಿನ ವೇಗದ ಗ್ರೈಂಡರನ್ನು ಜರ್ಮನಿಯ ಆಕರ್‌ಮನ್ ಮತ್ತು ಶ್ಮಿಟ್ ಕಂಪನಿ 1954ರಲ್ಲಿ ಮಾರುಕಟ್ಟೆಗೆ ತಂದಾಗಿನಿಂದ ಬಹುಕಾಲ ಅದಕ್ಕೆ ವೈರ್ ಇದ್ದೇ ಇರುತ್ತಿತ್ತು. ಈಗ ಹಾರ್ಡ್‌ವೇರ್ ಅಂಗಡಿಯ ಅದೇ ಕಪಾಟಿನಲ್ಲಿ ಬ್ಯಾಟರಿಯವೂ ಬಂದು ಕೂತಿವೆ. ಯಾವುದು ಕೊಳ್ಳುವುದು ಎಂದು ಕೇಳುವವರು ಸಾಮಾನ್ಯವಾಗಿ ಯಾವುದಕ್ಕೆ ಪವರ್ ಜಾಸ್ತಿ ಎಂದು ನೋಡುತ್ತಾರೆ. ಆ ಹೋಲಿಕೆಯಿಂದ ಉತ್ತರ ಸಿಗುವುದಿಲ್ಲ. ಗ್ರೈಂಡರ್ ದಿನಕ್ಕೆ ಒಟ್ಟು ಎಷ್ಟು ಹೊತ್ತು ಓಡಬೇಕು ಎಂಬುದೇ ಇಲ್ಲಿ ತೀರ್ಮಾನ ಮಾಡುವ ಲೆಕ್ಕ.

ಪವರ್ ವಿಷಯದಲ್ಲಿ ಬ್ಯಾಟರಿ ಗ್ರೈಂಡರ್ ಈಗ ಹಿಂದೆ ಬಿದ್ದಿಲ್ಲ. ವೈರ್ ಇರುವುದರ ಮೇಲೆ 800 ವ್ಯಾಟ್ ಎಂದು ಬರೆದಿದ್ದರೆ ಅದು ಪ್ಲಗ್ ಪಾಯಿಂಟ್‌ನಿಂದ ಎಳೆಯುವ ವಿದ್ಯುತ್ತು, ವೀಲಿಗೆ ತಲುಪುವುದಲ್ಲ. ಅದರೊಳಗಿನ ಮೋಟರಿನಲ್ಲಿ ಬ್ರಷ್ ಎನ್ನುವ ಎರಡು ಕಾರ್ಬನ್ ತುಂಡುಗಳು ತಿರುಗುವ ಆರ್ಮೇಚರನ್ನು ಸದಾ ಉಜ್ಜುತ್ತಿರುತ್ತವೆ. ಗಾಳಿಕಿಂಡಿಯಲ್ಲಿ ಇಣುಕಿದರೆ ಕಾಣುವ ನೀಲಿ ಕಿಡಿ ಅಲ್ಲಿಯದೇ. ಈ ಉಜ್ಜಾಟ, ಸುರುಳಿಯ ಬಿಸಿ, ಗಾಳಿ ದೂಡುವ ಫ್ಯಾನು, ಗೇರು ಎಲ್ಲ ಸೇರಿ ಶಕ್ತಿಯ ದೊಡ್ಡ ಪಾಲನ್ನು ತಿಂದುಹಾಕುತ್ತವೆ. ಒಳ್ಳೆಯ ಬ್ಯಾಟರಿ ಗ್ರೈಂಡರ್‌ನಲ್ಲಿರುವ ಬ್ರಷ್‌ಲೆಸ್ ಮೋಟರಿನಲ್ಲಿ ಈ ಕಾರ್ಬನ್ನೇ ಇಲ್ಲ, ನಷ್ಟವೂ ಕಡಿಮೆ. ಹೀಗಾಗಿ 18 ವೋಲ್ಟಿನ ಒಳ್ಳೆಯ ಬ್ರಷ್‌ಲೆಸ್ ಗ್ರೈಂಡರ್ ನಾಲ್ಕಿಂಚಿನ ವೀಲನ್ನು ಗಟ್ಟಿಯಾಗಿಯೇ ತಿರುಗಿಸುತ್ತದೆ. ಪೆಟ್ಟಿಗೆಯ ಮೇಲೆ ‘20 ವೋಲ್ಟ್ ಮ್ಯಾಕ್ಸ್’ ಎಂದಿದೆಯೆಂದು ಹೆಚ್ಚಿನ ದುಡ್ಡು ಕೊಡಬೇಡಿ. ಒಳಗಿರುವುದು ಅದೇ ಐದು ಸೆಲ್ಲುಗಳ ಸಾಲು. ಪೂರ್ತಿ ಚಾರ್ಜ್ ಆದಾಗ ಸುಮಾರು 20, ಸರಾಸರಿ 18.

ಬ್ಯಾಟರಿ ಸೋಲುವುದು ಮುಂದಿನ ಲೆಕ್ಕದಲ್ಲಿ. ಮನೆಯ ಮೇಲಿನ ಟ್ಯಾಂಕಿಗೆ ದಪ್ಪ ಪೈಪು ಹಾಕಿದರೆ ನೀರು ಭೋರ್ಗರೆದು ಬರುತ್ತದೆ. ಆದರೆ ಟ್ಯಾಂಕಿನಲ್ಲಿರುವಷ್ಟೇ ನೀರು, ಪೈಪು ದಪ್ಪವಾದಷ್ಟೂ ಬೇಗ ಖಾಲಿ. ಬ್ಯಾಟರಿ ಅಂಥ ಟ್ಯಾಂಕು, ಪ್ಲಗ್ ಪಾಯಿಂಟು ದಿನವಿಡೀ ನೀರು ಬರುವ ನಲ್ಲಿ. 18 ವೋಲ್ಟ್, 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 72 ವ್ಯಾಟ್-ಅವರ್. 800 ವ್ಯಾಟ್ ಎಳೆದರೆ ಐದೂವರೆ ನಿಮಿಷಕ್ಕೆ ಮುಗಿಯಿತು. ಬೆಸ್ಕಾಂನ ಒಂದು ಯೂನಿಟ್ ವಿದ್ಯುತ್ತಿಗೆ ಇಂಥ ಬ್ಯಾಟರಿಗಳು ಸುಮಾರು ಹದಿನಾಲ್ಕು ಬೇಕು. ಬಿಸಿಯ ತೊಂದರೆ ಬೇರೆ. 230 ವೋಲ್ಟಿನಲ್ಲಿ 800 ವ್ಯಾಟ್‌ಗೆ ಮೂರೂವರೆ ಆಂಪಿಯರ್ ಸಾಕು, 18 ವೋಲ್ಟಿನಲ್ಲಿ 44 ಆಂಪಿಯರ್ ಹರಿಯಬೇಕು. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದಂತೆ ಏರುವುದರಿಂದ, ಒಂದೇ ದಪ್ಪದ ತಂತಿಯಲ್ಲಾದರೆ ಅದು ನೂರೈವತ್ತು ಪಟ್ಟಿಗೂ ಹೆಚ್ಚು. ಎಡೆಬಿಡದೆ ಉಜ್ಜಿದರೆ ಬ್ಯಾಟರಿ ಗ್ರೈಂಡರ್ ತಾನಾಗಿ ನಿಂತುಬಿಡುವುದು ಈ ಬಿಸಿಗೇ. ಅದು ಕೆಟ್ಟಿರುವುದಿಲ್ಲ, ಒಳಗಿನ ಸರ್ಕ್ಯೂಟು ಸೆಲ್ಲುಗಳನ್ನು ಕಾಪಾಡುತ್ತಿರುತ್ತದೆ.

ಇನ್ನೆರಡು ಬ್ಯಾಟರಿ ಇಟ್ಟುಕೊಂಡರಾಯಿತಲ್ಲ ಎನ್ನಬಹುದು. ಆಗಬಹುದು, ಆದರೆ ಚಾರ್ಜ್ ಆಗುವ ಹೊತ್ತು ಖಾಲಿಯಾಗುವ ಹೊತ್ತಿಗಿಂತ ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ ಗ್ರಿಲ್ ಅಂಗಡಿಯಂಥ ಕಡೆ ಎರಡು ಮೂರು ಬ್ಯಾಟರಿ ಸಾಲದು. ಮೇಲಾಗಿ ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಕಾರ್ಬನ್ ಸವೆದರೆ ಸಣ್ಣ ಖರ್ಚಿನಲ್ಲಿ ಬದಲಾಯಿಸಬಹುದು. ಸತ್ತ ಬ್ಯಾಟರಿಗೆ ಹೊಸ ಬ್ಯಾಟರಿಯೇ ಬೇಕು. ಇನ್ನೊಂದು ಆಕ್ಷೇಪಣೆ ಶಾಕ್‌ನದು, ಅದಕ್ಕೆ ಹೆಚ್ಚು ತೂಕವಿದೆ. ನೀರು ಬಿಟ್ಟು ಕಲ್ಲು ಕತ್ತರಿಸುವಾಗ, ಎಕ್ಸ್‌ಟೆನ್ಷನ್ ವೈರ್ ಕೆಸರಿನಲ್ಲಿ ಬಿದ್ದಿರುವಾಗ 230 ವೋಲ್ಟ್ ಪ್ರಾಣ ತೆಗೆಯಬಲ್ಲದು. ಗ್ರೈಂಡರ್‌ಗೆ ಎರಡು ಪದರದ ಇನ್ಸುಲೇಷನ್ ಇರುತ್ತದೆ ನಿಜ, ಆದರೆ ಸುಲಿದ ವೈರಿಗೆ ಅದು ರಕ್ಷಣೆಯಲ್ಲ. ಅಲ್ಲಿ ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು ಇರಲೇಬೇಕು. ಕರೆಂಟು ಇನ್ನೂ ಬಾರದ ಮೂರನೇ ಮಹಡಿಯಲ್ಲಿ, ಏಣಿಯ ಮೇಲೆ, ಗ್ರಿಲ್ ಕೂರಿಸುವಾಗ ನಾಲ್ಕು ಬೋಲ್ಟ್ ಕತ್ತರಿಸಲು ಬ್ಯಾಟರಿಯದೇ ಸರಿ.

ಆದ್ದರಿಂದ ಒಂದೇ ಗ್ರೈಂಡರ್ ಕೊಳ್ಳುವವರು, ಕೆಲಸದ ಜಾಗದಲ್ಲಿ ಪ್ಲಗ್ ಪಾಯಿಂಟ್ ಇದ್ದರೆ, ವೈರ್ ಇರುವುದನ್ನೇ ಕೊಳ್ಳಲಿ. ಸೈಟಿಂದ ಸೈಟಿಗೆ ಓಡಾಡಿ ಫಿಟ್ಟಿಂಗ್ ಮಾಡುವವರಿಗೆ, ಅದೇ ಕಂಪನಿಯ ಬ್ಯಾಟರಿ ಡ್ರಿಲ್ ಆಗಲೇ ಕೈಯಲ್ಲಿದ್ದರೆ, ಬ್ಯಾಟರಿಯದು ಒಳ್ಳೆಯ ಎರಡನೇ ಗ್ರೈಂಡರ್. ಯಾವುದೇ ಆಗಲಿ, ನಿಮಿಷಕ್ಕೆ 11,000 ಸುತ್ತು ತಿರುಗುವ ನಾಲ್ಕಿಂಚಿನ ವೀಲಿನ ಅಂಚು ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿರುತ್ತದೆ. ಒಡೆದ ಚೂರೂ ಅದೇ ವೇಗದಲ್ಲಿ ಹಾರುತ್ತದೆ. ವೀಲ್ ಬದಲಿಸುವ ಮುನ್ನ ಪ್ಲಗ್ ಕೀಳಿ ಅಥವಾ ಬ್ಯಾಟರಿ ತೆಗೆಯಿರಿ. ಕಣ್ಣಿಗೆ ಕನ್ನಡಕ, ಕಲ್ಲಿನ ದೂಳಿಗೆ ಮಾಸ್ಕ್ ಹಾಕಿ. ಗಾರ್ಡ್ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ.