ಸಮುದ್ರ ದಾರಿ ಬಿಡುವ ಹೊತ್ತು

ಲಂಡನ್ನಿನಿಂದ ಎಡಿನ್‌ಬರೊ ನಗರಕ್ಕೆ ಹೋಗುವ ಹೆದ್ದಾರಿಗೆ ‘ಏ ಒನ್’ ಎಂದು ಹೆಸರು. ನ್ಯೂಕಾಸಲ್ ದಾಟಿದ ಮೇಲೆ ಈ ರಸ್ತೆಯು ಕಡಲಿನಿಂದ ಕೆಲವೇ ಮೈಲಿ ಒಳಗೆ, ಕಡಲಿನ ಗೊಡವೆಯೇ ತನಗಿಲ್ಲವೆಂಬಂತೆ ಉತ್ತರಾಭಿಮುಖವಾಗಿ ಸಾಗುತ್ತದೆ. ಎಡಿನ್‌ಬರೊ ಕೋಟೆಯನ್ನು ಕಾಣುವ ಅವಸರದಲ್ಲಿರುವ ಪ್ರವಾಸಿಗರು ಎಲ್ಲಿಯೂ ನಿಲ್ಲದೆ ಹೋಗಿಬಿಡುತ್ತಾರೆ. ಬಲಗಡೆಯ ಸಣ್ಣ ರಸ್ತೆಗಳಲ್ಲೊಂದಕ್ಕೆ ಹೊರಳಿದವರಿಗೆ ಮಾತ್ರ ನಾರ್ತಂಬರ್ಲೆಂಡಿನ ಕರಾವಳಿ ಕಾಣಸಿಗುತ್ತದೆ. ಸುಮಾರು 40 ಮೈಲಿ ಉದ್ದದ ಈ ತೀರವನ್ನು ವಿಶೇಷ ಚೆಲುವಿನ ಪ್ರದೇಶವೆಂದು 1958ರಲ್ಲಿಯೇ ಘೋಷಿಸಿ ಕಾಪಾಡಿಕೊಂಡು ಬಂದಿದ್ದಾರೆ. ಆದರೂ ಅಲ್ಲಿ ಜಾತ್ರೆಯ ಗದ್ದಲವಿಲ್ಲ. ಉತ್ತರ ಸಮುದ್ರದ ನೀರು ನಡು ಬೇಸಿಗೆಯಲ್ಲಿಯೂ ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆ. ಸ್ನಾನದ ಆಸೆಯಿಂದ ಬಂದವರು ಎರಡನೆಯ ಸಲ ಬರುವುದಿಲ್ಲ.

ನಾನು ಅರವತ್ತು ದಾಟಿದ ಹೆಂಗಸು. ಮಗಳು ಅಳಿಯ ನ್ಯೂಕಾಸಲ್ಲಿನಲ್ಲಿದ್ದಾರೆ. ಕಳೆದ ಜೂನ್ ತಿಂಗಳಲ್ಲಿ ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಬಳಿ ಕುಳಿತು ಮಳೆಯನ್ನು ನೋಡುವುದೇ ನನ್ನ ದಿನಚರಿಯಾಗಿತ್ತು. ಒಂದು ಸಂಜೆ, “ನಾಲ್ಕು ದಿನ ಕಾರು ಬಾಡಿಗೆಗೆ ತೆಗೆದುಕೊಂಡು ಸಮುದ್ರದ ದಂಡೆಯ ಮೇಲೆ ಹೋಗಿಬರುತ್ತೇನೆ” ಎಂದೆ. “ಎಲ್ಲಿ ಉಳಿದುಕೊಳ್ಳುತ್ತೀಯಮ್ಮ?” ಎಂದಳು ಮಗಳು. “ಕತ್ತಲಾದಲ್ಲಿ” ಎಂದೆ. ಆ ದೇಶದ ಆ ಮೂಲೆಯಲ್ಲಿ ಜೂನ್ ತಿಂಗಳಿನಲ್ಲಿ ರಾತ್ರಿ ಹತ್ತರವರೆಗೆ ಕತ್ತಲಾಗುವುದಿಲ್ಲ. ಮಗಳು ನಕ್ಕಳು, ಅಳಿಯಂದಿರು ನಗಲಿಲ್ಲ.

ನಮ್ಮ ಯಜಮಾನರು ಇದ್ದ ಕಾಲದಲ್ಲಿ ನಾವು ಕೈಗೊಂಡ ಪ್ರವಾಸಗಳೆಲ್ಲ ರೈಲ್ವೆ ವೇಳಾಪಟ್ಟಿಗೆ ಅನುಸಾರವಾಗಿ ನಡೆದವು. ಕಾಶಿಗೆ ಹೊರಟಾಗಲೂ ಯಾವ ನಿಲ್ದಾಣದಲ್ಲಿ ಕಾಫಿ ಕುಡಿಯತಕ್ಕದ್ದೆಂಬುದು ಮೈಸೂರಿನ ಮನೆಯಲ್ಲಿಯೇ ನಿಶ್ಚಯವಾಗಿತ್ತು. ಆ ಏರ್ಪಾಟಿನಲ್ಲಿ ನನಗೆ ಒಂದು ದಿನವೂ ತೊಂದರೆಯಾಗಲಿಲ್ಲ. ಏರ್ಪಾಟಿಲ್ಲದೆ ಹೋದರೆ ಹೇಗಿರುತ್ತದೆಂಬ ಕುತೂಹಲ ಮಾತ್ರ ಒಳಗೆ ಎಲ್ಲಿಯೋ ಉಳಿದುಕೊಂಡಿತ್ತು.

ಭಾರತದ ಚಾಲನಾ ಪರವಾನಗಿ ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು ಸಲ್ಲುತ್ತದೆ. ಅಲ್ಲಿಯೂ ವಾಹನಗಳು ರಸ್ತೆಯ ಎಡಗಡೆಯಲ್ಲಿಯೇ ಸಂಚರಿಸುವುದರಿಂದ ಮೈಸೂರಿನ ಕೈಗೆ ಹೆಚ್ಚಿನ ಅಭ್ಯಾಸ ಬೇಕಿಲ್ಲ. ಆದರೆ ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟು ಕಾಯಬೇಕು. ಅಲ್ಲಿ ಅದನ್ನು ನಿಜವಾಗಿಯೂ ಪಾಲಿಸುತ್ತಾರೆಂಬುದೇ ನಮಗೆ ಹೊಸತು. ಹಳ್ಳಿಯ ಹಾದಿಗಳು ಎಷ್ಟು ಇಕ್ಕಟ್ಟೆಂದರೆ ಒಂದೇ ಕಾರಿಗೆ ಎಡೆ. ಎದುರಿಗೆ ಇನ್ನೊಂದು ಬಂದರೆ ಅಲ್ಲಲ್ಲಿ ಅಗಲಿಸಿದ ಜಾಗದಲ್ಲಿ ಸರಿದು ನಿಲ್ಲಬೇಕು. ಹಾಗೆ ನಿಂತವರಿಗೆ ಹೋಗುವವರು ಚಕ್ರದ ಮೇಲಿನ ಕೈ ತೆಗೆಯದೆ ಒಂದೇ ಬೆರಳೆತ್ತಿ ಕೃತಜ್ಞತೆ ತಿಳಿಸುತ್ತಾರೆ.

ಮೊದಲ ದಿನ ಹೋಯಿಕ್ ಎಂಬ ಊರಿನ ಬಳಿ ನಿಂತೆ. ‘ಅರ್ಲ್ ಗ್ರೇ’ ಎಂಬ ಸುವಾಸನೆಯ ಚಹವನ್ನು ವಾಚಕರು ಬಲ್ಲರಷ್ಟೆ. ಆ ಗ್ರೇ ಪ್ರಭುವಿನ ಮನೆ ಇಲ್ಲಿಯೇ. ಇಲ್ಲಿನ ಬಾವಿಯ ಸುಣ್ಣದ ನೀರಿಗೆ ಹೊಂದುವಂತೆ ಚಹಕ್ಕೆ ಬರ್ಗಮಾಟ್ ಎಂಬ ಹಣ್ಣಿನ ಪರಿಮಳವನ್ನು ಕೂಡಿಸಿದರೆಂದು ಆ ಮನೆಯವರು ಹೇಳಿಕೊಂಡು ಬಂದ ಕಥೆ. ಗ್ರೇ 1830ರಿಂದ 1834ರವರೆಗೆ ಇಂಗ್ಲೆಂಡಿನ ಪ್ರಧಾನಿಯಾಗಿದ್ದವನು. ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವ ಶಾಸನ ಅವನ ಕಾಲದಲ್ಲಿ, 1833ರಲ್ಲಿ, ಆಯಿತು. 1831ರಲ್ಲಿ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಸಿದುಕೊಂಡದ್ದೂ 1834ರಲ್ಲಿ ಕೊಡಗು ಕಂಪೆನಿಯ ವಶವಾದದ್ದೂ ಅದೇ ಪ್ರಧಾನಿಯ ಕಾಲದಲ್ಲಿಯೇ. ಚಹವೇನೋ ಚೆನ್ನಾಗಿತ್ತು. ಆದರೂ ಮೈಸೂರಿನವಳಾದ ನಾನು ಎರಡನೆಯ ಬಟ್ಟಲನ್ನು ಕೇಳಲಿಲ್ಲ.

ಅಲ್ಲಿಂದ ಉತ್ತರಕ್ಕೆ ಕೂಗಳತೆಯ ದೂರದಲ್ಲಿಯೇ ಎನ್ನಬಹುದಾದ ಕ್ರಾಸ್ಟರ್ ಬೆಸ್ತರ ಊರು. ಹೆರಿಂಗ್ ಮೀನನ್ನು ಸೀಳಿ, ಓಕ್ ಮರದ ಹೊಟ್ಟಿನ ಹೊಗೆಯಲ್ಲಿ ರಾತ್ರಿಯೆಲ್ಲ ತೂಗಹಾಕಿ ‘ಕಿಪ್ಪರ್’ ಮಾಡುವುದರಲ್ಲಿ ಈ ಊರಿಗೆ ದೊಡ್ಡ ಹೆಸರು. ಸಸ್ಯಾಹಾರಿಯಾದ ನನಗೆ ಆ ಹೊಗೆಯ ವಾಸನೆಯೇ ಸಾಕಾಯಿತು. ಇಲ್ಲಿನ ಪುಟ್ಟ ಬಂದರಿನ ಗೋಡೆಯಲ್ಲಿ ಒಂದು ಕಲ್ಬರಹವಿದೆ. 1904ರ ಟಿಬೆಟ್ ದಂಡಯಾತ್ರೆಯಲ್ಲಿ ಮಡಿದ, ಭಾರತದ ಸೈನ್ಯದ ಕ್ಯಾಪ್ಟನ್ ಜಾನ್ ಕ್ರಾಸ್ಟರನ ನೆನಪಿಗಾಗಿ ಅವನ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಈ ಬಂದರನ್ನು ಕಟ್ಟಿಸಿದರಂತೆ. ಹಿಮಾಲಯದ ಆಚೆ ಸತ್ತವನಿಗೆ ಇಲ್ಲಿ ಅಲೆ ತಡೆಯುವ ಗೋಡೆ! ಪರರ ನಾಡನ್ನು ಮೆಟ್ಟಲು ಹೋದ ಯುದ್ಧದ ವಿಷಯದಲ್ಲಿ ನನಗೆ ಮರುಕವಿಲ್ಲ. ಆದರೆ ಸತ್ತ ತಮ್ಮನ ಹೆಸರಿನಲ್ಲಿ ಪ್ರತಿಮೆಯನ್ನು ನಿಲ್ಲಿಸದೆ ಊರಿನ ದೋಣಿಗಳಿಗೆ ಆಸರೆ ಮಾಡಿಕೊಟ್ಟರಲ್ಲ, ಆ ಬುದ್ಧಿ ಒಳ್ಳೆಯದು.

ಊರಿನಿಂದ ಡನ್‌ಸ್ಟನ್‌ಬರೊ ಕೋಟೆಗೆ ಮೋಟಾರು ಹೋಗುವುದಿಲ್ಲ. ಹಸುರು ಹುಲ್ಲಿನ ಮೇಲೆ, ಕುರಿಗಳ ನಡುವೆ ಸುಮಾರು ಎರಡು ಕಿಲೊಮೀಟರು ನಡೆಯಬೇಕು. ಕೋಟೆ ಪಾಳು. ಇದನ್ನು 1313ರಲ್ಲಿ ಕಟ್ಟಲಾರಂಭಿಸಿದ ಲ್ಯಾಂಕಾಸ್ಟರಿನ ಥಾಮಸನು ದೊರೆ ಎರಡನೆಯ ಎಡ್ವರ್ಡನ ವಿರುದ್ಧ ದಂಗೆಯೆದ್ದು, 1322ರಲ್ಲಿ ಉತ್ತರಕ್ಕೆ ಓಡಿಬರುತ್ತಿರುವಾಗ ದಾರಿಯಲ್ಲಿಯೇ ಸೆರೆಸಿಕ್ಕಿ ತಲೆ ಕಳೆದುಕೊಂಡ. ಕಷ್ಟಕಾಲಕ್ಕೆಂದು ಕಟ್ಟಿಸಿದ ಕೋಟೆ ಕಷ್ಟಕಾಲದಲ್ಲಿ ದಕ್ಕಲಿಲ್ಲ.

ಆ ರಾತ್ರಿ ಸೀಹೌಸಸ್ ಎಂಬ ಊರಿನಲ್ಲಿ ಬಾಗಿಲಿಗೆ ‘ಕೋಣೆ ಇದೆ’ ಎಂದು ಫಲಕ ತೂಗಿದ್ದ ಮನೆಯೊಂದರಲ್ಲಿ ತಂಗಿದೆ. ಮನೆಯಾಕೆ ನನಗಿಂತ ಚಿಕ್ಕವಳಾದರೂ ಮಾತಿಗೊಮ್ಮೆ ‘ಪೆಟ್’ ಎನ್ನುತ್ತಿದ್ದಳು. ಅದು ಆ ಸೀಮೆಯಲ್ಲಿ ಎಲ್ಲರನ್ನೂ ಕರೆಯುವ ಅಕ್ಕರೆಯ ಮಾತು. ನಮ್ಮ ‘ಕಂದ’ ಎಂಬುದಕ್ಕೆ ಹತ್ತಿರವೆನ್ನಬಹುದು. ನನ್ನನ್ನು ಕಂದ ಎಂದು ಕರೆಯುವವರು ಯಾರೂ ಉಳಿದಿಲ್ಲವಾದ್ದರಿಂದ ಕೇಳಲು ಹಿತವಾಗಿತ್ತು.

ದೀಪಸ್ತಂಭದ ಹುಡುಗಿ

ಸೀಹೌಸಸ್ಸಿನಿಂದ ದೋಣಿಯೇರಿದರೆ ಫಾರ್ನ್ ದ್ವೀಪಗಳು. ಪಫಿನ್ ಎಂಬ ಬಣ್ಣದ ಕೊಕ್ಕಿನ ಹಕ್ಕಿಗಳು ಇಲ್ಲಿ ಸಾವಿರಾರು. 2022ರಲ್ಲಿ ಹಕ್ಕಿಜ್ವರ ಬಂದು ರಾಶಿರಾಶಿಯಾಗಿ ಸತ್ತುದರಿಂದ ಪ್ರವಾಸಿಗರು ದ್ವೀಪದ ಮೇಲೆ ಕಾಲಿಡುವುದನ್ನೇ ನಿಲ್ಲಿಸಿದ್ದರು. 2024ರಲ್ಲಿ ಇನ್ನರ್ ಫಾರ್ನ್ ದ್ವೀಪವನ್ನು ಮತ್ತೆ ತೆರೆದರು. ಇಳಿಯುವವರು ಟೊಪ್ಪಿಗೆ ಹಾಕಿಕೊಳ್ಳಬೇಕೆಂದು ದೋಣಿಯವನು ಎಚ್ಚರಿಸಿದ. ಆರ್ಕ್‌ಟಿಕ್ ಟರ್ನ್ ಎಂಬ ಹಕ್ಕಿ ಕಾಲುದಾರಿಯ ಪಕ್ಕದಲ್ಲಿಯೇ ಮೊಟ್ಟೆಯಿಟ್ಟು, ಹಾದುಹೋಗುವವರ ನೆತ್ತಿಯನ್ನು ಕುಕ್ಕುತ್ತದೆ. ನನ್ನ ಶಾಲಿನ ಮೇಲೆಯೂ ನಾಲ್ಕು ಏಟು ಬಿದ್ದವು. ಸುಮಾರು ನೂರು ಗ್ರಾಂ ತೂಕದ ಈ ಜೀವ ಚಳಿಗಾಲಕ್ಕೆ ಭೂಮಿಯ ಇನ್ನೊಂದು ತುದಿಯಾದ ಅಂಟಾರ್ಕ್‌ಟಿಕಕ್ಕೆ ಹೋಗಿ ಹಿಂದಿರುಗುತ್ತದೆ. 2015ರ ಜುಲೈಯಲ್ಲಿ ಇಲ್ಲಿಂದ ಹೊರಟ ಒಂದು ಹಕ್ಕಿಯ ಕಾಲಿಗೆ ಸಣ್ಣ ಯಂತ್ರ ಕಟ್ಟಿ ನೋಡಲಾಗಿ, 2016ರ ಮೇಯಲ್ಲಿ ಮರಳಿ ಗೂಡು ಸೇರುವ ಹೊತ್ತಿಗೆ ಅದು 96,000 ಕಿಲೊಮೀಟರು ಹಾರಿತ್ತು. ಅದರ ಮುಂದೆ ನನ್ನ ನಾಲ್ಕು ದಿನದ ಸಂಚಾರವನ್ನು ಪ್ರವಾಸವೆನ್ನಲು ಸಂಕೋಚವಾಗುತ್ತದೆ.

ಈ ದ್ವೀಪಗಳ ಹೊರ ಅಂಚಿನಲ್ಲಿ ಲಾಂಗ್‌ಸ್ಟೋನ್ ದೀಪಸ್ತಂಭವಿದೆ. 1838ರಲ್ಲಿ ಅದರ ಕಾವಲುಗಾರ ವಿಲಿಯಂ ಡಾರ್ಲಿಂಗ್. ಮಗಳು ಗ್ರೇಸ್‌ಗೆ ಇಪ್ಪತ್ತೆರಡು ವರ್ಷ. ಆ ಸೆಪ್ಟೆಂಬರ್ 7ರ ನಸುಕಿನಲ್ಲಿ, ಹಲ್‌ನಿಂದ ಡಂಡೀಗೆ ಹೋಗುತ್ತಿದ್ದ ‘ಫೋರ್ಫರ್‌ಶೈರ್’ ಎಂಬ ಉಗಿಹಡಗು ಬಿರುಗಾಳಿಯಲ್ಲಿ ಬಂಡೆಗೆ ಬಡಿದು ಎರಡು ಹೋಳಾಯಿತು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಮೇಲಿನ ಕಿಟಕಿಯಿಂದ ಗ್ರೇಸ್ ನೋಡಿದಳು. ಬೆಳಕು ಹರಿದ ಮೇಲೆ ಬಂಡೆಯ ಮೇಲೆ ಮನುಷ್ಯರು ಮಿಸುಕುವುದು ಕಾಣಿಸಿತು.

ಇದ್ದುದು ‘ಕೋಬಲ್’ ಎಂಬ ಒಂದು ಮೀನುದೋಣಿ. ಅಲೆಯ ಹೊಡೆತವನ್ನು ತಪ್ಪಿಸಿಕೊಳ್ಳಲು ತಂದೆ ಮಗಳು ಬಳಸು ದಾರಿಯಲ್ಲಿ ಒಂದು ಮೈಲಿಯಷ್ಟು ಹುಟ್ಟು ಹಾಕಿದರು. ಬಂಡೆಯ ಮೇಲೆ ಒಂಬತ್ತು ಜನ ಬದುಕಿದ್ದರು. ತಂದೆ ಬಂಡೆಗೆ ಹಾರಿದ. ದೋಣಿ ಕಲ್ಲಿಗೆ ಅಪ್ಪಳಿಸಿ ಚೂರಾಗದಂತೆ, ದೂರಕ್ಕೂ ಕೊಚ್ಚಿಹೋಗದಂತೆ, ಎರಡು ಹುಟ್ಟುಗಳನ್ನೂ ಹಿಡಿದು ಗ್ರೇಸ್ ಒಬ್ಬಳೇ ಅದನ್ನು ಕಾದುಕೊಂಡಳು. ಹುಟ್ಟು ಹಾಕಿದ್ದಕ್ಕಿಂತ ಈ ಕಾಯುವಿಕೆ ದೊಡ್ಡದೆಂದು ನನ್ನ ಅಭಿಪ್ರಾಯ. ತಂದೆಯನ್ನು ಬಂಡೆಯ ಮೇಲೆ ಬಿಟ್ಟು ಅಲೆಗಳ ನಡುವೆ ಒಂಟಿಯಾಗಿ ನಿಲ್ಲುವುದು ಸಾಮಾನ್ಯವೇ? ಬದುಕಿದ್ದವರಲ್ಲಿ ಒಬ್ಬಳೇ ಹೆಂಗಸು, ಡಾಸನ್ ಎಂಬಾಕೆ. ಸತ್ತ ಇಬ್ಬರು ಮಕ್ಕಳನ್ನೂ ಎದೆಗವಚಿಕೊಂಡು ಕುಳಿತಿದ್ದಳು. ಮೊದಲ ಸಲ ಐವರನ್ನು ಕರೆತಂದರು. ಮಕ್ಕಳನ್ನು ತರಲಾಗಲಿಲ್ಲ. ಉಳಿದ ನಾಲ್ವರಿಗಾಗಿ ತಂದೆಯು ಬದುಕಿಬಂದ ನಾವಿಕರೊಡನೆ ಮತ್ತೆ ಹೋದ. ಗ್ರೇಸ್ ಒಲೆಯ ಮುಂದೆ ಆ ತಾಯಿಯ ಬಳಿ ಉಳಿದಳು.

ಆಮೇಲೆ ಬಂದದ್ದು ಕೀರ್ತಿ. ವಿಕ್ಟೋರಿಯ ರಾಣಿ 50 ಪೌಂಡು ಕಳುಹಿಸಿದಳು. ಚಿತ್ರ ಬರೆಯುವವರು ಸಾಲುಗಟ್ಟಿ ದೀಪಸ್ತಂಭಕ್ಕೆ ಬಂದರು. ಕಂಡವರೆಲ್ಲ ಅವಳ ಕೂದಲಿನ ಎಳೆ, ಉಡುಪಿನ ಚೂರು ಕೇಳಿ ಕಾಗದ ಬರೆದರು. ಹುಡುಗಿಗೆ ಅದೊಂದೂ ಬೇಕಿರಲಿಲ್ಲ. 1842ರ ಅಕ್ಟೋಬರಿನಲ್ಲಿ ಕ್ಷಯದಿಂದ ತೀರಿಕೊಂಡಾಗ ಅವಳಿಗೆ ಇಪ್ಪತ್ತಾರು. ಬ್ಯಾಂಬರೊ ಊರಿನ ಇಗರ್ಜಿಯ ಅಂಗಳದಲ್ಲಿ ಹಡಗಿನವರಿಗೆ ಕಾಣುವಂತೆ ಅವಳ ಸ್ಮಾರಕವಿದೆ. ಎದುರಿನ ವಸ್ತುಸಂಗ್ರಹಾಲಯದಲ್ಲಿ ಆ ದೋಣಿಯನ್ನೇ ಇಟ್ಟಿದ್ದಾರೆ. ಹತ್ತಿರ ನಿಂತು ನೋಡಿದೆ. ನಮ್ಮ ಕಡೆಯ ಬೆಸ್ತರು ಹೊಳೆಗೆ ಇಳಿಸಲು ಯೋಚಿಸಬಹುದಾದಂಥ ದೋಣಿ. ಅದರಲ್ಲಿ ಕಡಲಿಗೆ ಹೋಗಿದ್ದರು!

ಕಾಯಿಸುವ ರಸ್ತೆ

ಮೂರನೆಯ ದಿನ ಲಿಂಡಿಸ್‌ಫಾರ್ನಿನ ಎದುರಿಗೆ ಬಂದೆ. ‘ಪವಿತ್ರ ದ್ವೀಪ’ವೆಂದೇ ಜನ ಕರೆಯುತ್ತಾರೆ. 635ರಲ್ಲಿ ಏಡನ್ ಎಂಬ ಸನ್ಯಾಸಿ ಅಯೋನದಿಂದ ಬಂದು ಇಲ್ಲಿ ಮಠ ಕಟ್ಟಿದ. ಸುಮಾರು 700ರ ವೇಳೆಗೆ ಇಲ್ಲಿ ಚರ್ಮದ ಹಾಳೆಗಳ ಮೇಲೆ ಬಣ್ಣಬಣ್ಣವಾಗಿ ಬರೆದ ಸುವಾರ್ತೆಗಳ ಗ್ರಂಥ ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. 793ರಲ್ಲಿ ವೈಕಿಂಗರು ಹಡಗುಗಳಲ್ಲಿ ಬಂದು ಮಠವನ್ನು ಸೂರೆಗೈದರು.

ಈ ದ್ವೀಪ ದಿನದಲ್ಲಿ ಎರಡು ಸಲ ದ್ವೀಪವಲ್ಲ. ಇಳಿತದ ವೇಳೆ ನೀರು ಸರಿದು ಡಾಂಬರು ರಸ್ತೆ ಮೇಲೇಳುತ್ತದೆ. ಉಬ್ಬರ ಬಂದಾಗ ಮುಳುಗಿ ಐದಾರು ಗಂಟೆ ಮಾಯವಾಗುತ್ತದೆ. ದಾಟಲು ತಕ್ಕ ವೇಳೆಯ ಪಟ್ಟಿಯನ್ನು ಎರಡು ಕಡೆಯೂ ಹಾಕಿರುತ್ತಾರೆ. ವೇಳಾಪಟ್ಟಿಯಿಂದ ತಪ್ಪಿಸಿಕೊಂಡು ಹೊರಟ ನನ್ನನ್ನು ಚಂದ್ರನ ವೇಳಾಪಟ್ಟಿ ಹಿಡಿದು ನಿಲ್ಲಿಸಿತು. ನಾನು ಬಂದದ್ದು ಹನ್ನೊಂದಕ್ಕೆ. ದಾರಿ ತೆರೆಯುವುದು ಒಂದು ಗಂಟೆ ಹತ್ತು ನಿಮಿಷಕ್ಕೆ.

ಕಾಯುತ್ತಿದ್ದಾಗ ತರುಣರ ಒಂದು ಕಾರು ಬಂದಿತು. ಹನ್ನೆರಡೂವರೆ ಇರಬಹುದು. ರಸ್ತೆ ಕಾಣುತ್ತಿತ್ತು, ಮುಂದೆ ಒಂದು ಕಡೆ ಮಾತ್ರ ಹೊಳೆಯುವ ತೆಳು ನೀರು. “ಪಾದ ಮುಳುಗುವಷ್ಟೂ ಇಲ್ಲ” ಎಂದು ಅವರೊಳಗೊಬ್ಬ ಹೇಳಿದ. ನಾಯಿಯನ್ನು ಹಿಡಿದು ನಿಂತಿದ್ದ ಒಬ್ಬ ಮುದುಕ ಕೈಯೆತ್ತಿ ದೂರ ತೋರಿಸಿದ. ಸೇತುವೆಯ ಪಕ್ಕದಲ್ಲಿ ಉದ್ದ ಕಾಲುಗಳ ಮೇಲೆ ಒಂದು ಬಿಳಿಯ ಮರದ ಗೂಡು. “ಅದನ್ನು ಅಲ್ಲಿ ಕಟ್ಟಿರುವುದು ಚಂದಕ್ಕಲ್ಲ ಮಗು, ಅಲ್ಲಿಯೇ ಆಳ” ಎಂದ. ಹೀಗೆ ಸಿಕ್ಕಿಕೊಂಡವರು ಕಾರನ್ನು ಕಡಲಿಗೆ ಬಿಟ್ಟು ಆ ಗೂಡಿಗೆ ಹತ್ತಿ ಕೂರುವುದು, ಸೀಹೌಸಸ್ಸಿನ ಜೀವರಕ್ಷಕ ದೋಣಿ ಬಂದು ಇಳಿಸಿಕೊಳ್ಳುವುದು ಪ್ರತಿ ವರ್ಷವೂ ನಡೆಯುತ್ತದೆ. ಆ ದೋಣಿಯವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಕರೆ ಬಂದಾಗ ಊಟ ಬಿಟ್ಟು ಏಳುವವರು. ತರುಣರು ಕಾರಿನ ಯಂತ್ರವನ್ನು ನಿಲ್ಲಿಸಿದರು. ಒಬ್ಬ ನನಗೆ ಬಿಸ್ಕತ್ತು ಕೊಟ್ಟ.

ದ್ವೀಪದ ನಿವಾಸಿಗಳು ಸುಮಾರು ನೂರೈವತ್ತು ಮಂದಿ. ತಲೆಕೆಳಗಾಗಿ ಮಗುಚಿದ ಹಳೆಯ ಹೆರಿಂಗ್ ದೋಣಿಗಳನ್ನೇ ಕೊಟ್ಟಿಗೆಗಳಾಗಿ ಮಾಡಿಕೊಂಡಿದ್ದಾರೆ. ಗುಡ್ಡದ ಮೇಲಿನ ಸಣ್ಣ ಕೋಟೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ವಾಸದ ಮನೆಯಾಗಿ ಮಾರ್ಪಡಿಸಿದವನು ಎಡ್ವಿನ್ ಲಟ್ಯೆನ್ಸ್, ನಮ್ಮ ಹೊಸದಿಲ್ಲಿಯ ರಾಷ್ಟ್ರಪತಿ ಭವನದ ಶಿಲ್ಪಿ. ಇಲ್ಲಿ ಅವನ ಕೈ ಎಷ್ಟು ಹಗುರ! ಅಧಿಕಾರವನ್ನು ಮೆರೆಸಬೇಕಾದ ಹೊಣೆ ಇಲ್ಲದ ಕಡೆ ಆತ ಹೆಚ್ಚು ಚೆನ್ನಾಗಿ ಕಟ್ಟಿದನೆಂದು ನನಗೆ ತೋರಿತು.

ಎಂಟರ ಹೊತ್ತಿಗೆ ದಿನದ ಪ್ರವಾಸಿಗರೆಲ್ಲ ಆತುರದಿಂದ ಹೊರಟುಹೋದರು. ಎಂಟೂ ಇಪ್ಪತ್ತಕ್ಕೆ ದಾರಿ ಮುಚ್ಚಿತು. ನನಗೆ ಒಂದು ಕೋಣೆ ದೊರೆತಿತ್ತು. ದೂರದರ್ಶನದ ಸದ್ದಿಲ್ಲ, ಮೋಟಾರಿನ ಸದ್ದಿಲ್ಲ. ಹತ್ತರ ಮಬ್ಬಿನಲ್ಲಿ ದಂಡೆಗೆ ಹೋದಾಗ ಯಾರೋ ಹೆಂಗಸರು ಗುಂಪಾಗಿ ಕೂತು ಅಳುತ್ತಿರುವಂತೆ ದೂರದಿಂದ ಧ್ವನಿ ಬಂದಿತು. ಎದೆ ಜಗ್ಗೆಂದಿತು. ಅದೇ ದಾರಿಯಾಗಿ ಬಂದ ಮನೆಯೊಡತಿ, “ಸೀಲ್‌ಗಳು, ಪೆಟ್. ಮರಳದಿಬ್ಬದ ಮೇಲೆ ಹಾಡುತ್ತಿವೆ” ಎಂದಳು. ಹಾಡೆಂದು ಹೇಳಿದ ಮೇಲೆ ಅದು ಹಾಡಿನಂತೆಯೇ ಕೇಳಿಸಿತು. ಬಹಳ ಹೊತ್ತು ನಿಂತೆ. ಇದನ್ನು ಯಾರಿಗೆ ಹೇಳಲೆಂದು ಪಕ್ಕಕ್ಕೆ ತಿರುಗಿದೆ. ಮೂವತ್ತೈದು ವರ್ಷಗಳ ಅಭ್ಯಾಸ.

ಬೆಳಿಗ್ಗೆ ಏಳೂವರೆಗೆ ಹೊರಟೆ. ರಸ್ತೆಯ ಮೇಲೆ ಕಡಲಕಳೆ ಒದ್ದೆಯಾಗಿ ಬಿದ್ದಿತ್ತು. ಎರಡೂ ಕಡೆ ಮೈಲಿಗಟ್ಟಲೆ ಹೊಳೆಯುವ ಮರಳು; ಹಳೆಯ ಯಾತ್ರಿಕರ ಹಾದಿಯನ್ನು ತೋರುವ ಗೂಟಗಳ ಸಾಲು. ಸೇತುವೆಯ ಬಳಿ, ಬಿಳಿಯ ಗೂಡಿನ ಕೆಳಗೆ, ಕಾರು ನಿಲ್ಲಿಸಿ ಮಗಳಿಗೆ ದೂರವಾಣಿ ಮಾಡಿದೆ. “ಎಲ್ಲಿದ್ದೀಯಮ್ಮ?” ಎಂದಳು. “ಸಮುದ್ರದ ತಳದಲ್ಲಿ” ಎಂದೆ. “ಏನು?” ಎಂದು ಕೂಗಿದಳು. ಒಂದು ಗಂಟೆಗೂ ಹೆಚ್ಚು ಸಮಯವಿತ್ತು, ನಿಧಾನವಾಗಿಯೇ ವಿವರಿಸಿದೆ.