ಗೋಕಾಕ ಸೀಮೆಯ ಆಟದ ಗಣಕ: ಫ್ರೇಮ್‌ಗಳ ಎಣಿಕೆ, ಮಿಲಿಸೆಕೆಂಡುಗಳ ಲೆಕ್ಕ

ಗಣಕದ ಪರದೆಯ ಮೇಲೆ ಓಟವಾಗಿ, ಜಿಗಿತವಾಗಿ ಕಾಣುವುದೆಲ್ಲ ಒಂದರ ಬೆನ್ನಿಗೊಂದು ಬರುವ ನಿಶ್ಚಲ ಚಿತ್ರಗಳ ಸಾಲಾಗಿದ್ದು, ಅಂಥ ಒಂದೊಂದು ಚಿತ್ರವನ್ನು ಫ್ರೇಮ್ ಎಂದೂ, ಒಂದು ಸೆಕೆಂಡಿನಲ್ಲಿ ಗಣಕ ಬಿಡಿಸಿ ಮುಗಿಸುವ ಫ್ರೇಮ್‌ಗಳ ಸಂಖ್ಯೆಯನ್ನು ಎಫ್‌ಪಿಎಸ್ ಎಂದೂ ಕರೆಯುತ್ತಾರೆ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್‌ಗಳು ಸಾಕಾಗುತ್ತವೆ, ಏಕೆಂದರೆ ಪ್ರೇಕ್ಷಕ ಅಲ್ಲಿ ನೋಡುವವನೇ ಹೊರತು ಮಾಡುವವನಲ್ಲ. 2020ರಲ್ಲಿ ಬಂದ ವ್ಯಾಲರಂಟ್, 2023ರಲ್ಲಿ ಬಂದ ಕೌಂಟರ್ ಸ್ಟ್ರೈಕ್ 2 ಮುಂತಾದ ಗುಂಡೇಟಿನ ಸ್ಪರ್ಧಾ ಆಟಗಳಲ್ಲಿಯಾದರೋ ಗೋಡೆಯ ಮರೆಯಿಂದ ಇಣುಕಿದ ಎದುರಾಳಿಯನ್ನು ಕಂಡು ಗುರಿ ಹಿಡಿದು ಮೌಸ್ ಒತ್ತುವಷ್ಟರಲ್ಲಿ ಸೋಲು ಗೆಲುವುಗಳು ತೀರ್ಮಾನವಾಗುವುದರಿಂದ, ಪರದೆ ತೋರಿಸುವ ಚಿತ್ರ ಎಷ್ಟು ಹೊಸದು ಎಂಬುದೇ ಮುಖ್ಯವಾಗುತ್ತದೆ.

ಆದ್ದರಿಂದ ಎಫ್‌ಪಿಎಸ್ ಅನ್ನು ಕಾಲಕ್ಕೆ ತಿರುಗಿಸಿ ನೋಡುವುದು ಹೆಚ್ಚು ಉಪಯುಕ್ತ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಹದಿನಾರೂ ಚಿಲ್ಲರೆ ಭಾಗ. 144ಕ್ಕೆ ಅದು 6.9, 240ಕ್ಕೆ 4.2, 360ಕ್ಕೆ 2.8 ಮಿಲಿಸೆಕೆಂಡು. 60ರಿಂದ 144ಕ್ಕೆ ಏರಿದವರಿಗೆ ಪ್ರತಿ ಫ್ರೇಮಿನಲ್ಲಿ ಸುಮಾರು 10 ಮಿಲಿಸೆಕೆಂಡು ಉಳಿದರೆ, 240ರಿಂದ 360ಕ್ಕೆ ಏರಲು ಬಹಳಷ್ಟು ಹಣ ಸುರಿದವರಿಗೆ ಉಳಿಯುವುದು ಸುಮಾರು 1.4 ಮಿಲಿಸೆಕೆಂಡು ಮಾತ್ರ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸಾಧಾರಣ ಮನೆಯೊಂದರಲ್ಲಿ ಗಣಕ ಜೋಡಿಸಿಕೊಳ್ಳುವ ತರುಣರು ಮೊದಲು ಅರಿಯಬೇಕಾದ ಲೆಕ್ಕ ಇದೇ.

ಮೌಸಿನ ಗುಂಡಿ ಒತ್ತಿದ ಮೇಲೆ ಆ ಸುದ್ದಿ ಮೊದಲು ಪ್ರೊಸೆಸರಿಗೆ ಹೋಗುತ್ತದೆ. ಪ್ರೊಸೆಸರ್ ಯಾರು ಎಲ್ಲಿದ್ದಾರೆ, ಗುಂಡು ಎತ್ತ ಹೋಯಿತು ಎಂದು ಲೆಕ್ಕ ಹಾಕಿ, ಏನನ್ನು ಬಿಡಿಸಬೇಕೆಂಬ ಆದೇಶವನ್ನು ಸಿದ್ಧಪಡಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಆ ಆದೇಶದಂತೆ ಚಿತ್ರ ಬಿಡಿಸುತ್ತದೆ. ಮಾನಿಟರ್ ಅದನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ತೋರಿಸುತ್ತದೆ. ಪ್ರೊಸೆಸರಿಗಿಂತ ಗ್ರಾಫಿಕ್ಸ್ ಕಾರ್ಡ್ ನಿಧಾನವಾಗಿದ್ದಾಗ ಇವೆರಡರ ನಡುವೆ ಆದೇಶಗಳ ಸರದಿ ಬೆಳೆಯತೊಡಗುತ್ತದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿರುವ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಾಗ ಗಾಣ ಬಿಡುವಿಲ್ಲದೆ ನುರಿಸುತ್ತಲೇ ಇದ್ದರೂ ಸಾಲಿನಲ್ಲಿರುವ ಕಬ್ಬು ಒಣಗಿ ತೂಕ ಕಳೆದುಕೊಳ್ಳುವಂತೆಯೇ, ಇಲ್ಲಿಯೂ ಗ್ರಾಫಿಕ್ಸ್ ಕಾರ್ಡ್ ನೂರಕ್ಕೆ ನೂರು ದುಡಿಯುತ್ತಿದ್ದರೂ ಸರದಿಯಲ್ಲಿ ಕಾದ ಆದೇಶ ಪರದೆಗೆ ಬರುವಷ್ಟರಲ್ಲಿ ಹಳತಾಗಿರುತ್ತದೆ. ಹೊಲದಲ್ಲಿ ಕಟಾವನ್ನೇ ಗಾಣದ ವೇಗಕ್ಕೆ ಹೊಂದಿಸುವುದು ಇದಕ್ಕಿರುವ ಪರಿಹಾರ. ಎನ್‌ವಿಡಿಯಾ ಸಂಸ್ಥೆ 2020ರಲ್ಲಿ ಹೊರತಂದ ರಿಫ್ಲೆಕ್ಸ್ ಎಂಬ ವ್ಯವಸ್ಥೆ ಮಾಡುವುದು ಇದನ್ನೇ. ಅದು ಲಭ್ಯವಿಲ್ಲದ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡಿನ ಸಾಮರ್ಥ್ಯಕ್ಕಿಂತ ತುಸು ಕಡಿಮೆಗೆ ಎಫ್‌ಪಿಎಸ್ ಮಿತಿ ಹಾಕಿಕೊಂಡರೂ ಬಹುಪಾಲು ಅದೇ ಫಲ ದೊರೆಯುತ್ತದೆ. ಎಫ್‌ಪಿಎಸ್ ತಗ್ಗಿಸಿ ವಿಳಂಬವನ್ನೂ ತಗ್ಗಿಸುವ ಈ ಉಪಾಯ ವಿಚಿತ್ರವೆಂದು ತೋರಬಹುದಾದರೂ, ಎಣಿಕೆಯೊಂದನ್ನೇ ನೋಡುತ್ತ ಕೂರುವುದು ಏಕೆ ತಪ್ಪು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಬೇರೊಂದಿಲ್ಲ.

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಇವೆರಡರಲ್ಲಿ ಹಿಂದೆ ಬಿದ್ದದ್ದು ಯಾವುದೆಂದು ತಿಳಿಯಲು ಪರದೆಯ ರೆಸಲ್ಯೂಷನ್ ಅನ್ನು, ಎಂದರೆ ಚಿತ್ರದಲ್ಲಿರುವ ಚುಕ್ಕೆಗಳ ಸಂಖ್ಯೆಯನ್ನು, ಇಳಿಸಿ ನೋಡಬೇಕು. ಆಗ ಎಫ್‌ಪಿಎಸ್ ಏರಿದರೆ ಗ್ರಾಫಿಕ್ಸ್ ಕಾರ್ಡ್ ಸೋಲುತ್ತಿತ್ತೆಂದೂ, ಏರದಿದ್ದರೆ ಪ್ರೊಸೆಸರೇ ತಡೆಯಾಗಿದೆಯೆಂದೂ ಅರ್ಥ. ಗ್ರಾಫಿಕ್ಸ್ ಗುಣಮಟ್ಟವನ್ನು ಕೆಳಮಟ್ಟದಲ್ಲಿಟ್ಟು ಆಡುವ ಸ್ಪರ್ಧಾ ಆಟಗಳಲ್ಲಿ ಹೆಚ್ಚಾಗಿ ಪ್ರೊಸೆಸರೇ ತಡೆಯಾಗುತ್ತದೆ. ಇಂಥ ಲೆಕ್ಕಗಳಲ್ಲಿ ಅದು ಮತ್ತೆ ಮತ್ತೆ ಮೆಮೊರಿಯ ಮಾಹಿತಿಗಾಗಿ ಕಾಯಬೇಕಾಗುವುದರಿಂದ, ಒಂದೇ 16 ಜಿಬಿ ರ್‍ಯಾಮ್ ಪಟ್ಟಿಗೆ ಬದಲು 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಎರಡು ದಾರಿಗಳನ್ನೂ ತೆರೆಯುವುದು, ರ್‍ಯಾಮ್ ತನ್ನ ಮೇಲೆ ಬರೆದಿರುವ ವೇಗದಲ್ಲಿಯೇ ಓಡುವಂತೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲೂ ಮಾಡುವುದು ಇವೆಲ್ಲ ಕಣ್ಣಿಗೆ ಕಾಣುವ ವ್ಯತ್ಯಾಸವನ್ನೇ ತರುತ್ತವೆ. ಎಎಂಡಿ 2022ರಲ್ಲಿ ತಂದ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರ್ ಗಡಿಯಾರದ ವೇಗದಲ್ಲಿ ಅದೇ ಪೀಳಿಗೆಯ ತನ್ನ ಸೋದರ ಪ್ರೊಸೆಸರಿಗಿಂತ ಹಿಂದಿದ್ದರೂ ಆಟಗಳಲ್ಲಿ ಅದನ್ನು ಮೀರಿಸಿದ್ದು, ಒಳಗೇ ಇದ್ದ 96 ಎಂಬಿ ಎಲ್3 ಕ್ಯಾಶ್ ಮೆಮೊರಿಯ ಬಲದಿಂದ.

ಸರಾಸರಿ ಎಫ್‌ಪಿಎಸ್ ಇನ್ನೊಂದು ರೀತಿಯಲ್ಲಿಯೂ ದಾರಿ ತಪ್ಪಿಸುತ್ತದೆ. ಅತ್ಯಂತ ನಿಧಾನವಾಗಿ ಬಂದ ನೂರಕ್ಕೆ ಒಂದು ಪಾಲು ಫ್ರೇಮ್‌ಗಳನ್ನಷ್ಟೇ ತೆಗೆದು ಅಳೆಯುವ ‘ಒಂದು ಪರ್ಸೆಂಟ್ ಲೋ’ ಎಂಬ ಅಂಕಿ ಆಟದ ನಡುವಿನ ತೊಡರನ್ನು ಹಿಡಿದುಕೊಡುತ್ತದೆ. 300ರ ಸರಾಸರಿಯಿದ್ದು ಗುಂಡು ಹಾರುವ ಗಳಿಗೆಯಲ್ಲೇ 70ಕ್ಕೆ ಕುಸಿಯುವ ಯಂತ್ರಕ್ಕಿಂತ 200ರಲ್ಲಿ ಅಲುಗದೆ ನಿಲ್ಲುವ ಯಂತ್ರವೇ ಮೇಲು. ಇನ್ನು, 144 ಹರ್ಟ್ಸ್, ಎಂದರೆ ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸಬಲ್ಲ, ಮಾನಿಟರ್ ಕೊಂಡ ಮೇಲೂ ವಿಂಡೋಸ್ ಅದನ್ನು 60ರಲ್ಲಿಯೇ ಓಡಿಸುತ್ತಿರುವ ಸಾಧ್ಯತೆ ಇರುವುದರಿಂದ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನೋಡುವುದನ್ನು ಮರೆಯಬಾರದು.

ಈ ಸೀಮೆಗೆ ವಿಶೇಷವಾಗಿ ಅನ್ವಯಿಸುವ ವಿಷಯವೆಂದರೆ ಉಷ್ಣ. ಗಾಳಿಯಿಂದ ತಂಪಾಗುವ ಯಾವ ಯಂತ್ರವೂ ಕೋಣೆಗಿಂತ ತಂಪಾಗಲಾರದು. ಪ್ರೊಸೆಸರ್ ಕೋಣೆಯ ಉಷ್ಣತೆಗಿಂತ 55 ಡಿಗ್ರಿ ಮೇಲೆ ನಿಲ್ಲುವಂತಿದ್ದರೆ 22 ಡಿಗ್ರಿಯ ಡಿಸೆಂಬರಿನಲ್ಲಿ 77ರಲ್ಲಿದ್ದದ್ದು, ಕೋಣೆ 40ರ ಹತ್ತಿರ ಕಾಯುವ ಏಪ್ರಿಲ್ ಮಧ್ಯಾಹ್ನದಲ್ಲಿ 95ನ್ನು ಮುಟ್ಟಿ, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಧೂಳಿನ ಜಾಲರಿಯನ್ನು ಸ್ವಚ್ಛವಾಗಿಡುವುದು ಮೊದಲ ಉಪಾಯವಾದರೆ, ವೋಲ್ಟೇಜ್ ಇಳಿಸುವುದು ಅದಕ್ಕಿಂತ ಜಾಣ ಉಪಾಯ. ಚಿಪ್ ಹೊರಹಾಕುವ ಶಾಖದ ಬಹುಭಾಗ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗ ಹಾಗೆಯೇ ಇದ್ದು ವೋಲ್ಟೇಜ್ ನೂರಕ್ಕೆ 10ರಷ್ಟು ತಗ್ಗಿದರೆ ಆ ಶಾಖ ನೂರಕ್ಕೆ 19ರಷ್ಟು ತಗ್ಗುತ್ತದೆ.

ವಿದ್ಯುತ್ತಿನ ಮಾತಿಗೆ ಬಂದರೆ ಈ ನೆಲಕ್ಕೆ ಗೌರವದ ಇತಿಹಾಸವಿದೆ. ಘಟಪ್ರಭೆಯ ಧಾರೆಯ ಬಲದಿಂದ ಗೋಕಾಕ ಜಲಪಾತದ ಹತ್ತಿ ಗಿರಣಿ 19ನೇ ಶತಮಾನದಲ್ಲೇ ಓಡಿತು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ರೈತರೇ ಸದಸ್ಯರಾಗಿ ತಮ್ಮ ತಾಲ್ಲೂಕಿಗೆ ವಿದ್ಯುತ್ ಹಂಚುವ, ಕರ್ನಾಟಕದಲ್ಲಿ ಬೇರೆಲ್ಲೂ ಇಲ್ಲದ ವ್ಯವಸ್ಥೆ. ಗೋಕಾಕ, ಮೂಡಲಗಿಗಳಿಗೆ ಹೆಸ್ಕಾಂ ವಿದ್ಯುತ್ ಪೂರೈಸುತ್ತದೆ. ಆದರೆ ಪೂರೈಕೆದಾರರು ಯಾರೇ ಆಗಿರಲಿ, ಮಳೆಗಾಳಿಗೆ ತಂತಿ ಅಲುಗಿ ಕರೆಂಟು ಕ್ಷಣ ತಪ್ಪುವುದು ಇದ್ದೇ ಇದೆ. ಒಳ್ಳೆಯ ಎಸ್‌ಎಂಪಿಎಸ್, ಅಂದರೆ ಗಣಕದೊಳಗಿನ ವಿದ್ಯುತ್ ಪೆಟ್ಟಿಗೆ, ತನ್ನ ಕೆಪ್ಯಾಸಿಟರಿನಲ್ಲಿ ತುಂಬಿಟ್ಟ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡು ತಡೆದುಕೊಳ್ಳಬಲ್ಲದು. 10 ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ದಾಟುವ ಯುಪಿಎಸ್ ಇದ್ದರೆ ಆಟ ನಿಲ್ಲುವುದಿಲ್ಲ, ಆದರೆ ಫ್ಯಾನು ದೀಪಗಳಿಗೆಂದು ಹೊಂದಿಸಿದ ಮನೆಯ ಇನ್ವರ್ಟರ್ ಅದಕ್ಕಿಂತ ನಿಧಾನವಾಗಿ ದಾಟಿ ಗಣಕ ಆರಿಹೋಗಬಹುದಾದ್ದರಿಂದ, ಹಲವು ಇನ್ವರ್ಟರುಗಳಲ್ಲಿರುವ ಯುಪಿಎಸ್ ಎಂಬ ಸ್ವಿಚ್ಚನ್ನು ಬಳಸಬೇಕು.

ದೊಡ್ಡ ನಗರದಿಂದ ದೂರವಿರುವುದೇ ಸೋಲಿಗೆ ಕಾರಣವೆಂಬ ಕೊರಗು ಸಣ್ಣ ಊರುಗಳ ಆಟಗಾರರಲ್ಲಿ ಸಹಜವಾಗಿ ಮೂಡಬಹುದಾದರೂ ಭೌತವಿಜ್ಞಾನ ಅದನ್ನು ಒಪ್ಪುವುದಿಲ್ಲ. ಮೇಲೆ ಹೇಳಿದ ಎರಡೂ ಆಟಗಳ ಸರ್ವರುಗಳು ಮುಂಬೈಯಲ್ಲಿವೆ. ಗೋಕಾಕದಿಂದ ಮುಂಬೈಗೆ ನೇರ ಗೆರೆಯಲ್ಲಿ ಸುಮಾರು 380 ಕಿಲೋಮೀಟರ್, ಗಾಜಿನ ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್, ಎಂದಮೇಲೆ ಹೋಗಿಬರಲು ತಗಲುವುದು ಕೇವಲ 4 ಮಿಲಿಸೆಕೆಂಡು. ಕೇಬಲ್ಲಿನ ಸುತ್ತುದಾರಿಯಿಂದ ಇದು ಕೆಲವು ಪಟ್ಟು ಹೆಚ್ಚಿದರೂ, ಸೆಕೆಂಡಿಗೆ 128 ಬಾರಿ ಆಟದ ಸ್ಥಿತಿಯನ್ನು ಲೆಕ್ಕ ಹಾಕುವ ವ್ಯಾಲರಂಟ್ ಸರ್ವರಿನ ಎರಡು ಲೆಕ್ಕಗಳ ನಡುವೆಯೇ 7.8 ಮಿಲಿಸೆಕೆಂಡು ಇರುತ್ತದೆಂಬುದನ್ನು ನೆನೆದರೆ ಊರಿನ ದೂರ ಎಷ್ಟು ಸಣ್ಣದೆಂದು ತಿಳಿಯುತ್ತದೆ. ನೆರೆಮನೆಗಳ ರೌಟರುಗಳ ಜೊತೆ ಒಂದೇ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಹಂಚಿಕೊಳ್ಳುವ ವೈಫೈ, ಸರದಿಗಾಗಿ ಕಾಯುತ್ತ ಒಮ್ಮೆ 2, ಒಮ್ಮೆ 40 ಮಿಲಿಸೆಕೆಂಡು ಎಂಬಂತೆ ಏರಿಳಿಯುವುದರಿಂದ, ಆಟಗಾರರು ಕಳೆದುಕೊಳ್ಳುವ ಕಾಲದ ದೊಡ್ಡ ಪಾಲು ಮನೆಯೊಳಗೇ ಕಳೆದಿರುತ್ತದೆ. ರೌಟರಿನಿಂದ ಗಣಕಕ್ಕೆ ಗೋಡೆಯಂಚಿನಲ್ಲಿ ಎಳೆದ ಈಥರ್ನೆಟ್ ತಂತಿಯೊಂದು ಅದನ್ನು ಒಂದು ಮಿಲಿಸೆಕೆಂಡಿಗೂ ಕಡಿಮೆ ಮಾಡುತ್ತದೆ.