ಗಲ್ಲಾದ ಲೆಕ್ಕ ಕ್ಲೌಡಿಗೆ ಏಕೆ?



ನಮ್ಮ ಹಿರಿಯರು ಮುಂಬಯಿಗೆ ಬಂದು ಹೋಟೆಲ್ ಇಟ್ಟಾಗ ಲೆಕ್ಕವೆಲ್ಲ ಗಲ್ಲಾದ ಪುಸ್ತಕದಲ್ಲಿತ್ತು. ಅನಂತರ ಕೌಂಟರಿಗೆ ಕಂಪ್ಯೂಟರ್ ಬಂತು. ಈಗ ಆ ಲೆಕ್ಕ 'ಕ್ಲೌಡ್'ಗೆ ಹೋಗುತ್ತಿದೆ. ಹೆಸರು ಮೋಡವೆಂದಾದರೂ ಅದು ಆಕಾಶದಲ್ಲಿಲ್ಲ, ದೂರದ ಡೇಟಾ ಸೆಂಟರಿನ ಕಂಪ್ಯೂಟರುಗಳಲ್ಲಿದೆ. ನಾವು ತಿಂಗಳಿಗೋ ವರ್ಷಕ್ಕೋ ಚಂದಾ ಕೊಟ್ಟು ಇಂಟರ್ನೆಟ್ ಮೂಲಕ ಬಳಸುತ್ತೇವೆ.

ಸಣ್ಣ ಹೋಟೆಲಿನವರಿಗೆ ಇದೇಕೆ ಬೇಕು?

ಮೊದಲನೆಯದು, ಲೆಕ್ಕದ ಭದ್ರತೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು, ತಗ್ಗಿನ ಅಂಗಡಿ ಹೋಟೆಲುಗಳಿಗೆ ನೀರು ನುಗ್ಗಿದ್ದನ್ನು ಮುಂಬಯಿಯವರು ಮರೆತಿಲ್ಲ. ಕಂಪ್ಯೂಟರ್ ಹಾಳಾದರೆ ಹೊಸದು ತರಬಹುದು. ಅದರೊಳಗಿದ್ದ ಲೆಕ್ಕ ತರುವುದೆಲ್ಲಿಂದ? ಜಿ.ಎಸ್.ಟಿ. ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾದಿಡಲೇಬೇಕು.

ಎರಡನೆಯದು, ಖರ್ಚು ಮತ್ತು ತಾಪತ್ರಯ. ದುಬಾರಿ ಸರ್ವರ್ ಕೊಳ್ಳಬೇಕಾಗಿಲ್ಲ. 2017ರ ಜುಲೈಯಲ್ಲಿ ಸಾಮಾನ್ಯ ಹೋಟೆಲಿಗೆ ಶೇ. 12, ಎ.ಸಿ. ಹೋಟೆಲಿಗೆ ಶೇ. 18 ಇದ್ದ ಜಿ.ಎಸ್.ಟಿ. ಅದೇ ವರ್ಷ ನವೆಂಬರ್ 15ರಿಂದ ಶೇ. 5 ಆಯಿತು. ಇಂಥ ಬದಲಾವಣೆ ಬಂದಾಗ ಕ್ಲೌಡಿನಲ್ಲಾದರೆ ಕಂಪೆನಿಯವರು ಒಂದೇ ಕಡೆ ತಿದ್ದಿದರೆ ಸಾಕು, ಎಲ್ಲ ಹೋಟೆಲುಗಳಿಗೂ ತಲುಪುತ್ತದೆ. ಕಂಪ್ಯೂಟರಿನವನ ದಾರಿ ಕಾಯಬೇಕಿಲ್ಲ.

ಮೂರನೆಯದೇ ನಮಗೆ ದೊಡ್ಡದು. ಊರಿನಲ್ಲಿ ನೇಮ, ಜಾತ್ರೆ, ಮದುವೆ ಬಂದಾಗ ಗಲ್ಲಾ ಬಿಟ್ಟು ಹೋಗುವುದೇ ಮಾಲಕನಿಗೆ ಚಿಂತೆ. ಈಗ ಊರಿನ ಚಾವಡಿಯಲ್ಲಿ ಕುಳಿತು ಮೊಬೈಲಿನಲ್ಲಿ ದಿನದ ವ್ಯಾಪಾರ ನೋಡಬಹುದು. ಯಾವ ಬಿಲ್ಲು ರದ್ದಾಯಿತು, ಯಾರು ರದ್ದು ಮಾಡಿದರು ಎಂಬುದೂ ತಿಳಿಯುತ್ತದೆ. ಇದು ನೌಕರರ ಮೇಲಿನ ಅಪನಂಬಿಕೆಯಲ್ಲ. ಲೆಕ್ಕ ಸ್ಪಷ್ಟವಿದ್ದರೆ ಪ್ರಾಮಾಣಿಕ ಕ್ಯಾಶಿಯರನ ಮೇಲೂ ಸುಳ್ಳು ಅಪವಾದ ಬಾರದು.

ಆದರೆ ಸಹಿ ಹಾಕುವ ಮುಂಚೆ ಕೆಲವು ಪ್ರಶ್ನೆ ಕೇಳಲೇಬೇಕು. ಇಂಟರ್ನೆಟ್ ಹೋದಾಗ ಬಿಲ್ಲು ಬರುತ್ತದೆಯೇ? ಮಧ್ಯಾಹ್ನದ ಊಟದ ಗದ್ದಲದಲ್ಲಿ ಬಿಲ್ಲಿಂಗ್ ನಿಂತರೆ ಗಿರಾಕಿ ಕಾಯುವುದಿಲ್ಲ. ಮುಂದೆ ಚಂದಾ ನಿಲ್ಲಿಸಿದರೆ ನಮ್ಮ ಹಳೆಯ ಲೆಕ್ಕ ಪೂರ್ತಿ ಕೈಗೆ ಸಿಗುತ್ತದೆಯೇ? ಎರಡನೇ ವರ್ಷ ದರ ಎಷ್ಟು? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಪ್ರತಿಯೊಬ್ಬ ನೌಕರನಿಗೂ ಬೇರೆ ಪಾಸ್‌ವರ್ಡ್ ಇರಲಿ, ಕೆಲಸ ಬಿಟ್ಟವನದನ್ನು ಅಂದೇ ರದ್ದು ಮಾಡಿ. ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿಡಿ.

ಒಂದು ಮಾತು ನೆನಪಿರಲಿ. ಉಗ್ರಾಣದಿಂದ ಹೊರಟ ಎಣ್ಣೆ, ಅಕ್ಕಿ ಬರೆಯದಿದ್ದರೆ ಕ್ಲೌಡಿಗೂ ಗೊತ್ತಾಗದು. ನಮ್ಮ ಕಣ್ಣು ಅಡುಗೆಮನೆಯ ಮೇಲೆ ಇರಲೇಬೇಕು.

ಈಗಾಗಲೇ ಬಳಸುತ್ತಿರುವ ಸದಸ್ಯರು ಸಂಘದ ಸಭೆಯಲ್ಲಿ ತಮ್ಮ ಅನುಭವ ಹೇಳಿದರೆ ಹೊಸಬರಿಗೆ ದೊಡ್ಡ ಉಪಕಾರವಾದೀತು.